ಭಂಡಾರದ ಜಾಮೀನು

ಮೊನ್ನೆ ಔರಾದಿಗೆ ಹೊರಟ ಬಸ್ಸು ಸಂತಪುರದ ಹತ್ತಿರ ಬಂದು ಕೆಟ್ಟು ನಿಂತಿತು. ಡ್ರೈವರ್ ಇಳಿದು ಮುಂದಿನ ಮುಚ್ಚಳ ಎತ್ತಿದ, ನೋಡಿದ, ಮತ್ತೆ ಮುಚ್ಚಿದ, ಬೀಡಿ ಹಚ್ಚಿಕೊಂಡ. ಬೇಗ ಆಗುವ ಕೆಲಸವಲ್ಲ ಎಂದು ತಿಳಿದು ನಾನೂ ಮೊಣಕಾಲು ಹಿಡಿದುಕೊಂಡು ಇಳಿದೆ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಊರ ಕಡೆಯಿಂದ ಬಂದ ಗಾಳಿಯಲ್ಲಿ ಹುಣಸೆಬೀಜ ಅರೆದು ಕುದಿಸಿದ ಸರಿಯ ವಾಸನೆ ಇತ್ತು, ಅದರ ಜೊತೆಗೆ ತೊಯ್ದ ಉಣ್ಣೆಯ ವಾಸನೆ. ಒಳ್ಳೆಯ ವಾಸನೆಯೇನಲ್ಲ, ಬಸ್ಸಿನಲ್ಲಿದ್ದ ಹೆಣ್ಣುಮಕ್ಕಳು ಸೆರಗು ಮೂಗಿಗೆ ಹಿಡಿದರು. ನಾನು ಮಾತ್ರ ಅದು ಬಡಿದೊಡನೆ ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ನನ್ನ ಆಯುಷ್ಯದ ಒಂದು ಇಡೀ ಮಳೆಗಾಲ ಆ ವಾಸನೆಯಲ್ಲಿ ಕಳೆದಿದೆ.

ಆಗ ನಿಜಾಮರ ಸರ್ಕಾರ. ಬೀದರಿನಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ತಕ್ಕಡಿ ಹಿಡಿಯುವುದು ಬೇಡವೆಂದು ನಾನು ಉರ್ದು ಕಲಿತು ಸರ್ಕಾರಿ ನೌಕರಿ ಹಿಡಿದಿದ್ದೆ. ನೆರಳಿನಲ್ಲಿ ಕೂತು ಬರೆಯುವ ಕೆಲಸ ಎಂದು ನನ್ನ ಎಣಿಕೆ. ಆದರೆ ನನ್ನನ್ನು ಹಾಕಿದ್ದು ಹೊಸದಾಗಿ ತೆರೆದ ಇಲಾಖೆಗೆ. ನೇಕಾರ, ಕುಂಬಾರ, ಚಮ್ಮಾರ ಮುಂತಾದ ಕಸುಬಿನವರಿಗೆ ಸರ್ಕಾರವೇ ಕಡಿಮೆ ಬಡ್ಡಿಗೆ ಸಾಲ ಕೊಡುವುದು, ಅವರು ಸಾಹುಕಾರರ ಬಾಗಿಲಿಗೆ ಹೋಗದಂತೆ ಮಾಡುವುದು, ಇದು ಅದರ ಕೆಲಸ. ಒಂದೇ ಕಸುಬಿನ ಹತ್ತು ಜನ ಕೂಡಿದರೆ ಒಂದು ಅಂಜುಮನ್, ಅಂದರೆ ಸಂಘ. ಮನೆ, ಹೊಲ, ಕುರಿ ಇದ್ದವರು ಅದನ್ನೇ ಆಧಾರವಾಗಿ ತೋರಿಸಬೇಕು. ಏನೂ ಇಲ್ಲದವರಿಗೆ ಉಳಿದ ಒಂಬತ್ತೂ ಜನ ಜಾಮೀನು ನಿಲ್ಲಬೇಕು. ಕಾಗದದಲ್ಲಿ ಓದಿದರೆ ಬಹಳ ಒಳ್ಳೆಯ ಯೋಜನೆ. ಆ ಕಾಗದ ಹೊತ್ತು ಊರೂರು ತಿರುಗುವವನ ಕಾಲನ್ನು ಮಾತ್ರ ಯಾರೂ ವಿಚಾರಿಸಿರಲಿಲ್ಲ.

ಔರಾದ ತಾಲೂಕು ನನ್ನ ಪಾಲಿಗೆ ಬಂತು. ಮಿರಗದ, ಅಂದರೆ ಮೃಗಶಿರಾ ಮಳೆ ಹಿಡಿದ ಮೇಲೆ ಎರೆಮಣ್ಣಿನ ದಾರಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಗಾಡಿಯ ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಗಾಲಿ ಯಾವುದು ಮಣ್ಣು ಯಾವುದು ತಿಳಿಯುತ್ತಿರಲಿಲ್ಲ. ಎತ್ತು ನಿಲ್ಲುತ್ತಿದ್ದವು, ಗಾಡಿಯವನು ಬೈಯುತ್ತಿದ್ದ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದೆ. ಊರು ಮುಟ್ಟಿದ ಮೇಲೆ ಇನ್ನೊಂದು ಹೆಣಗಾಟ. ಒಂದೂರಲ್ಲಿ ನನ್ನನ್ನು ದಂಡಿಗೆ ಜನ ಹಿಡಿಯಲು ಬಂದವನೆಂದು ತಿಳಿದು ಗಂಡಸರೆಲ್ಲ ಹೊಲ ಸೇರಿದರು. ಇನ್ನೊಂದೂರಲ್ಲಿ ಮಗ್ಗಗಳಿಗೆ ತೆರಿಗೆ ಪಟ್ಟಿ ಹಾಕಲು ಬಂದಿದ್ದಾನೆಂದು ಮಗ್ಗದ ಮೇಲೆ ಜೋಳದ ಕಣಕಿ ಒಟ್ಟಿಟ್ಟರು. ಸರ್ಕಾರ ಕೊಡಲಿಕ್ಕೆ ಬರುತ್ತದೆಂದು ನಂಬಿಸುವಷ್ಟರಲ್ಲಿ ನನ್ನ ಗಂಟಲು ಒಣಗಿ ಹೋಗುತ್ತಿತ್ತು. ಅವರದೂ ತಪ್ಪಲ್ಲ, ಅಲ್ಲಿಯ ತನಕ ಅದು ಕೊಟ್ಟದ್ದನ್ನು ಅವರು ಕಂಡಿರಲಿಲ್ಲ.

ಸಂತಪುರದ ಕಂಬಳಿ ನೇಯುವ ಕುರುಬರು ಮಾತ್ರ ಓಡಲಿಲ್ಲ. ನಾನು ಹೋದ ದಿನ ಮಳೆ ಹೊಳವಾಗಿತ್ತು. ಇಡೀ ಓಣಿ ಹೊರಗೆ ಬಂದು ಒಬ್ಬನ ಹಾಸನ್ನು ಉದ್ದಕ್ಕೆ ಕಟ್ಟಿ, ಅದಕ್ಕೆ ಹುಣಸೆಬೀಜದ ಸರಿ ಬಳಿಯುತ್ತಿದ್ದರು. ಹಾಸು ಎಂದರೆ ಮಗ್ಗಕ್ಕೆ ಹೂಡುವ ಉದ್ದ ನೂಲು. ಸರಿ ಹಿಡಿಸದಿದ್ದರೆ ಉಣ್ಣೆಯ ನೂಲು ಮಗ್ಗದಲ್ಲಿ ಹರಿಯುತ್ತದೆ, ಬಿಸಿಲು ಹೋಗುವುದರೊಳಗೆ ಅದು ಒಣಗಬೇಕು. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರು ಎಳೆದು ಹಿಡಿದಿದ್ದರು, ನಾಲ್ವರು ಕುಂಚ ಎಳೆಯುತ್ತಿದ್ದರು, ಹೆಂಗಸರು ಹರಿದ ಎಳೆ ಹುಡುಕಿ ಗಂಟು ಹಾಕುತ್ತಿದ್ದರು. ನನ್ನ ಕಡೆ ಯಾರೂ ನೋಡಲಿಲ್ಲ. ಹಿರಿಯನಾದ ಬೀರಪ್ಪ ಮುತ್ಯಾ ಕುಂಚ ಕೆಳಗಿಡದೆಯೇ, “ಬಿಸಲ ಹೋಗೋತನ ಕೂಡ್ರಿ ಸಾಬ್ರ, ಸರ್ಕಾರ ಎಲ್ಲಿ ಓಡಿ ಹೋಗ್ತದ” ಎಂದ. ನಾನು ಕೂತೆ. ಆ ತಾಲೂಕಿನಲ್ಲಿ ನನ್ನನ್ನು ಕೂಡು ಎಂದ ಮೊದಲ ಮನುಷ್ಯ ಅವನು.

ಸಂಜೆ ಎಲ್ಲ ಕೇಳಿದರು. ತಲೆ ಎಣಿಸಿದರೆ ಮಗ್ಗವಿದ್ದವರು ಒಂಬತ್ತೇ ಜನ. ಹತ್ತು ಆಗದೆ ಅಂಜುಮನ್ ಇಲ್ಲ ಎಂದೆ. ಆಗ ಹಿಂದೆ ನಿಂತಿದ್ದ ಒಬ್ಬ ಹೆಣ್ಣುಮಗಳು ಮುಂದೆ ಬಂದಳು. ಮೂವತ್ತು ದಾಟಿದ ವಯಸ್ಸು, ಹಣೆ ಬರಿದು, ಮುಂಗೈಯಲ್ಲಿ ನೂಲುವ ಉಣ್ಣೆಯ ಸುರುಳಿ ಹಾಗೇ ಇತ್ತು.

“ನಮ್ಮ ಮನ್ಯಾಗೂ ಮಗ್ಗ ಅದರಿ” ಎಂದಳು. “ನನ್ನ ಹೆಸರ ಬರಕೋರಿ. ಮಾಳಮ್ಮ.”

ಗಂಡ ಹಿಂದಿನ ವರ್ಷ ಮಹಾಮಾರಿಯಲ್ಲಿ ತೀರಿಕೊಂಡಿದ್ದ. ಮಕ್ಕಳಿಲ್ಲ. ಮಗ್ಗ ಸುಮ್ಮನೆ ನಿಂತಿತ್ತು. ಅವರಲ್ಲಿ ಹೆಣ್ಣು ನೂಲುತ್ತಾಳೆ, ಮಗ್ಗದ ಕುಣಿಗೆ ಇಳಿದು ನೇಯುವಂತಿಲ್ಲ. ಭಾಲ್ಕಿಯಲ್ಲಿದ್ದ ಮೈದುನ ಸಿದ್ದಪ್ಪ, ದಸರೆಗೆ ಗಾಡಿ ಹೂಡಿಕೊಂಡು ಬಂದು ಮಗ್ಗ ಒಯ್ಯುತ್ತೇನೆ, ನೀನೂ ಬಂದು ನಮ್ಮ ಮನೆಯಲ್ಲಿ ನೂಲಿಕೊಂಡಿರು ಎಂದು ಹೇಳಿ ಕಳಿಸಿದ್ದ. ಅವನ ಮನೆಯಲ್ಲಿ ಬೆಳಗಿನಿಂದ ಬೈಗಿನತನಕ ನೂತು, ಉಳಿದ ರೊಟ್ಟಿ ಉಂಡು, ಅವನ ಹೆಂಡತಿಯ ಮುಖ ನೋಡುತ್ತ ದಿನ ತಳ್ಳುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಚಿಂತಾಕಿಯಲ್ಲಿ ಲಕ್ಷ್ಮಣ ಎಂಬ ದೂರದ ಸಂಬಂಧಿ ಇದ್ದಾನೆ, ಸ್ವಂತ ಮಗ್ಗವಿಲ್ಲದ ನೇಕಾರ, ಉಣ್ಣೆ ಕೊಂಡರೆ ಬಂದು ನೇಯುತ್ತಾನೆ ಎಂದಳು. ಸಾಲಕ್ಕಿಂತ ಅವಳಿಗೆ ಬೇಕಾದದ್ದು ಇನ್ನೊಂದಿತ್ತು.

“ಸರ್ಕಾರದಾಗ ಮಗ್ಗ ನನ್ನ ಹೆಸರಿಗಿ ಬರೀತಾರಲ್ರಿ? ಬರದ ಮ್ಯಾಲ ಸಿದ್ದಪ್ಪ ಒಯ್ಲಿಕ್ಕಿ ಬರಂಗಿಲ್ಲಲ್ರಿ?”

“ಬರಂಗಿಲ್ಲಕ್ಕಾ” ಎಂದೆ. “ಸಾಲ ತೀರೋತನ ಅದರ ಮ್ಯಾಲ ಸರ್ಕಾರದ ಕೈ ಇರ್ತದ.”

“ಸಾಕ್ರಿ” ಎಂದು ಅಲ್ಲೇ ನೆಲಕ್ಕೆ ಕೂತಳು.

ಆದರೆ ಅವಳಿಗೆ ಹೊಲವಿಲ್ಲ, ಕುರಿ ಇಲ್ಲ, ಮನೆ ಎಂದರೆ ಬೀಳುವ ಗೋಡೆ. ಒಂಬತ್ತು ಜನ ಜಾಮೀನು ನಿಲ್ಲಲೇಬೇಕು. ಇಲ್ಲಿ ಕೆಲಸ ಕೆಟ್ಟಿತು ಎಂದುಕೊಂಡೆ. ವಿಧವೆ ಹೆಣ್ಣುಮಗಳಿಗೆ ಯಾರು ನಿಲ್ಲುತ್ತಾರೆ? ನಮ್ಮಪ್ಪನ ಅಂಗಡಿಯಲ್ಲಿ ಅಂಥವರಿಗೆ ಪಾವು ಎಣ್ಣೆ ಉದ್ದರಿ ಕೊಡುವಾಗಲೂ ಎರಡು ಸಲ ಕೇಳುತ್ತಿದ್ದರು. ಬೀರಪ್ಪ ಮುತ್ಯಾ ಎದ್ದು ತನ್ನ ಮನೆಗೆ ಹೋದ. ಬರುವಾಗ ತಾಟಿನಲ್ಲಿ ಭಂಡಾರ ತಂದ, ದೇವರ ಮುಂದೆ ಇಡುವ ಅರಿಸಿನದ ಪುಡಿ. ಮಾಳಮ್ಮನ ಮನೆಯ ಕಟ್ಟೆಯ ಮೇಲೆ ತಾಟು ಇಟ್ಟು, ತಾನು ಮೊದಲು ಒಂದು ಹಿಡಿ ಎತ್ತಿ ಅಂಗೈಯಲ್ಲಿ ತಿಕ್ಕಿಕೊಂಡ. “ಇಕಿ ಬಾಕಿ ನನ್ನ ಬಾಕಿ. ಇಕಿ ಮಗ್ಗ ನಿಂತ್ರ ನನ್ನ ಮಗ್ಗ ನಿಂತಂಗ” ಎಂದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎತ್ತಿದರು. ಅಲ್ಲಿ ಗದ್ದಲವಿರಲಿಲ್ಲ, ಭಾಷಣವಿರಲಿಲ್ಲ. ಹೀಗೆ ದೇವರ ಆಣೆಯಾಗಿ ಭಂಡಾರ ಎತ್ತಿದ ಮೇಲೆ ಅವಳ ಹಾಸು ಎಳೆಯಲು, ಉಣ್ಣೆ ತೊಳೆಯಲು ಕರೆಯದೆಯೇ ಬರಬೇಕು, ಕೂಲಿ ಮುಟ್ಟಬಾರದು. ಗಂಡ ಇದ್ದಾಗ ಅವನೂ ಇವರಿಗಾಗಿ ಎತ್ತಿದ್ದನಂತೆ. ನೌಕರಿಗೆ ಸೇರಿದ ಮೇಲೆ ಮೊದಲ ಸಲ, ನಾನು ಹೊತ್ತು ತಿರುಗುವ ಕಾಗದಕ್ಕೆ ಅರ್ಥವಿದೆ ಅನ್ನಿಸಿತು.

ಆ ಸಂತೋಷ ಮರುದಿನ ಬೆಳಗಿನ ತನಕ ಇತ್ತು. ಶಾಯಿಯ ಡಬ್ಬಿ ತೆಗೆದು ಜಾಮೀನು ಕಾಗದ ಹರಡಿದೆ. ಉರ್ದುವಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳುವುದು ನಿಯಮ. ಓದಿದೆ: “ಸದರಿ ಮಾಳಮ್ಮ ಬೇಮಾನಿ ಮಾಡಿ ಸಾಲ ಮುಳುಗಿಸಿದ್ದಲ್ಲಿ ನಾವು ಒಂಬತ್ತು ಜನ ಸೇರಿ ತುಂಬಿಕೊಡುತ್ತೇವೆ.”

ಬೀರಪ್ಪ ಮುತ್ಯಾ ಚಾಚಿದ ಹೆಬ್ಬೆರಳು ಹಿಂದಕ್ಕೆ ತೆಗೆದುಕೊಂಡ.

“ಏನಂದ್ರಿ? ಬೇಮಾನಿ ಮಾಡಿದ್ರ? ಆಕಿ ಮೋಸ ಮಾಡಿದ್ರ?”

“ಕಾಗದದ ಮಾತು ಮುತ್ಯಾ. ಎಲ್ಲರಿಗೂ ಹಂಗೇ ಬರೀತಾರ.”

“ಎಲ್ಲರಿಗೂ ಬರಕೋಲಿ. ನಿನ್ನಿ ಆಕಿ ಸಲುವಾಗಿ ಭಂಡಾರ ಎತ್ತೇವಿ. ಎತ್ತಿದ ಕೈಲೆ ಇವತ್ತ ಆಕಿ ಬೇಮಾನಿ ಮಾಡಿದ್ರ ಅಂತ ಹೆಬ್ಬೆಟ್ಟ ಒತ್ತಬೇಕೇನ್ರಿ? ದೇವರ ಮುಂದ ಒಂದು, ಸರ್ಕಾರದ ಮುಂದ ಒಂದು ಹೇಳ್ಳಿಕ್ಕಿ ನಮಗೆಷ್ಟ ನಾಲಿಗಿ ಅವ?”

“ರೊಕ್ಕ ತುಂಬಲಿಕ್ಕಿ ಒಪ್ಪೀರಲ್ಲ?”

“ಇವತ್ತ ತುಂಬಂದ್ರ ಇವತ್ತ ತುಂಬ್ತೀವಿ. ಆ ಮಾತ ಅಳಸ್ರಿ.”

ಅಳಿಸುವ ಅಧಿಕಾರ ನನಗಿರಲಿಲ್ಲ. ಹೀಗೆ ನಾನು ಅದೇ ಮಣ್ಣಿನಲ್ಲಿ ಮತ್ತೆ ಬೀದರಿಗೆ ಬಂದೆ. ನಮ್ಮ ಸಾಹೇಬರು ಹೈದರಾಬಾದಿನವರು, ಮೃದು ಸ್ವಭಾವ, ಸದಾ ನೆಗಡಿ. ಸೋರುವ ಮಾಡಿನ ಕೆಳಗೆ ಕುರ್ಚಿಯನ್ನು ಅತ್ತಿತ್ತ ಸರಿಸಿಕೊಳ್ಳುತ್ತ ನನ್ನ ಮಾತು ಪೂರಾ ಕೇಳಿದರು. “ಅರೆ ಮಿಯಾ” ಎಂದು ಉಸಿರುಬಿಟ್ಟು ತಮ್ಮ ಉರ್ದುವಿನಲ್ಲಿ ಹೇಳಿದರು, ಇಂಥ ಜಾಮೀನುದಾರರು ರಾಜಧಾನಿಯಲ್ಲಿ ಸಿಕ್ಕಿದ್ದರೆ ನಾನು ಈ ಊರಿಗೆ ಬರುತ್ತಿರಲಿಲ್ಲ, ಆದರೆ ಒಂದಕ್ಷರ ತಿದ್ದಿದರೂ ಖಜಾನೆಯವರು ಕಾಗದ ವಾಪಸು ಎಸೆಯುತ್ತಾರೆ. ನನ್ನ ಮುಖ ನೋಡಿ ಕನಿಕರ ಬಂದಿತೋ ಏನೋ, ಮೇಲಿನವರಿಗೆ ಬರೆದು ಕೇಳೋಣ ಎಂದು ತಾವೇ ಬರೆದು ಕಳಿಸಿದರು.

ಅಲ್ಲಿಂದ ಕಾಯುವ ಕೆಲಸ. ಶ್ರಾವಣ ಹೋಯಿತು, ಭಾದ್ರಪದ ಬಂತು. ಬೇರೆ ಊರುಗಳಿಗೆ ಹೋಗುವಾಗ ಸಂತಪುರ ದಾರಿಯಲ್ಲೇ ಬೀಳುತ್ತಿತ್ತು. ಊರು ಬಂತೆಂದರೆ ಗಾಡಿಯಲ್ಲಿ ಮಲಗಿದಂತೆ ಮಾಡೋಣ ಅನ್ನಿಸುತ್ತಿತ್ತು. ಮಾಳಮ್ಮ ಕಟ್ಟೆಯ ಮೇಲೆ ಕೂತು ನೂಲುತ್ತಿರುತ್ತಿದ್ದಳು. ಬೇರೆಯವರಿಗೆ ನೂತು ಕೊಟ್ಟ ಕೂಲಿಯಲ್ಲೇ ಅವಳ ಹೊಟ್ಟೆ ನಡೆಯುತ್ತಿತ್ತು. “ಬಂತೇನ್ರಿ?” ಎಂದು ಕೇಳುತ್ತಿದ್ದಳು. “ಬರ್ತದಕ್ಕಾ” ಎನ್ನುತ್ತಿದ್ದೆ. ಸಂಘ ಆಗದೆ ಉಳಿದವರಿಗೂ ಸಾಲ ನಿಂತಿತ್ತು. ವಯಸ್ಸಿನ ಹುಡುಗರಿಬ್ಬರು, ಒಂದು ಮಾತಿಗೆ ಇಷ್ಟು ಹಟ ಯಾಕೆ ಎಂದು ಗೊಣಗತೊಡಗಿದ್ದರು. ಮುತ್ಯಾನ ಎದುರಿಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಹೈದರಾಬಾದಿನ ಮೇಲೂ ಸಿಟ್ಟು, ಮುತ್ಯಾನ ಮೇಲೂ ಸಿಟ್ಟು. ಇಬ್ಬರೂ ಒಂದೊಂದು ಮಾತು ಹಿಡಿದು ಕೂತಿದ್ದರು, ನಡುವೆ ತೊಯ್ಯುತ್ತಿದ್ದವನು ನಾನು.

ದಸರೆಯ ಘಟ ಕೂರಿಸುವ ಮುಂಚೆ ಮೇಲಿನಿಂದ ಉತ್ತರ ಬಂತು. ನಮೂನೆಯಲ್ಲಿ ಬದಲಾವಣೆ ಸಾಧ್ಯವಿಲ್ಲ. ಸಾಹೇಬರು ಅದನ್ನು ನನ್ನ ಕೈಯಲ್ಲಿಟ್ಟು ಮೂಗು ಒರೆಸಿಕೊಂಡರು. ನಾನು ಸಂತಪುರಕ್ಕೆ ಹೋಗಿ, ಮಾಳಮ್ಮನ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿ ಹೇಳಿದೆ. ಬೀರಪ್ಪ ಮುತ್ಯಾ ತಲೆ ತಗ್ಗಿಸಿಕೊಂಡು ನೆಲ ಕೆರೆದ. ಅವನ ಕಣ್ಣು ತುಂಬಿದ್ದವು. “ನನ್ನ ಎರಡ ಕುರಿ ಮಾರಿ ಇಕಿಗಿ ಉಣ್ಣಿ ತಂದ ಕೊಡ್ತೇನಿ. ಅದಕ್ಕ ಮಾತ್ರ ಹೆಬ್ಬೆಟ್ಟ ಒತ್ತಲಾರೆ” ಎಂದ.

“ಉಣ್ಣಿ ತಂದ್ರ ಮಗ್ಗ ನನ್ನ ಹೆಸರಿಗಿ ಆಗ್ತದೇನ ಮುತ್ಯಾ?” ಎಂದಳು ಮಾಳಮ್ಮ. “ಸಿದ್ದಪ್ಪ ಬಂದು ಉಣ್ಣಿಸಮೇತ ಒಯ್ತಾನ.”

ಆಮೇಲೆ ಅವಳೇ ಕೇಳಿದಳು.

“ಭಂಡಾರ ಎತ್ತಿದ್ದು ನನ್ನ ಸಲುವಾಗಿ. ನಾ ಬ್ಯಾಡಂದ್ರ ಇಳೀತದಲ್ಲಾ? ಇಳದ ಮ್ಯಾಲ ಹೆಬ್ಬೆಟ್ಟ ಒತ್ತಬಹುದಲ್ಲಾ?”

ಮುತ್ಯಾ ತಟ್ಟನೆ ತಲೆ ಎತ್ತಿದ. ಹಾಗೊಂದು ಪದ್ಧತಿ ಇತ್ತಂತೆ. ಯಾರಿಗಾಗಿ ಎತ್ತಿದ್ದೋ ಅವರೇ ನಾಲ್ಕು ಜನರ ಎದುರಿಗೆ ನೀರು ಹಾಕಿ ಎತ್ತಿದವರ ಕೈ ತೊಳೆದರೆ ಆಣೆ ಇಳಿಯುತ್ತದೆ. ಅಣ್ಣತಮ್ಮಂದಿರು ಮುಖ ಮುರಿದುಕೊಂಡಾಗ, ಪಾಲು ಹರಿದುಕೊಂಡಾಗ ಹಾಗೆ ಮಾಡುತ್ತಿದ್ದರಂತೆ. ಜಗಳವಿಲ್ಲದೆ ಯಾರೂ ಮಾಡಿದ್ದಿಲ್ಲ.

“ತಿಳದ ಮಾತಾಡು ಮಾಳಿ” ಎಂದ ಮುತ್ಯಾ. “ಕೈ ತೊಳದ ಮ್ಯಾಲ ನೀ ನಮಗ ಯಾರೂ ಅಲ್ಲ. ಕರದ್ರ ಬರ್ತೀವಿ, ಕೂಲಿ ತಗೋತೀವಿ, ಹೋಗ್ತೀವಿ. ಅಷ್ಟೇ.”

“ಭಾಲ್ಕಿಗಿ ಹೋದ್ರ ನಾ ಯಾರಿಗೂ ಯಾರೂ ಅಲ್ಲ ಮುತ್ಯಾ. ಇಲ್ಲಿ ಮಗ್ಗರೆ ಉಳೀತದ.”

ಅವಳು ಒಳಗೆ ಹೋಗಿ ತಂಬಿಗೆ ತಂದಳು. ಯಾರೂ ಏಳಲಿಲ್ಲ. ಅವಳೇ ಬಗ್ಗಿ ಮುತ್ಯಾನ ಕೈ ಹಿಡಿದು ನೀರು ಸುರಿದಳು. ಭಂಡಾರ ಎತ್ತಿ ಎಷ್ಟೋ ದಿನವಾಗಿತ್ತು, ಅಂಗೈಯಲ್ಲಿ ಹಳದಿಯ ಗುರುತೂ ಇರಲಿಲ್ಲ. ಆದರೂ ಅವಳು ಬೆರಳ ಸಂದಿಯೆಲ್ಲ ತಿಕ್ಕಿ ತಿಕ್ಕಿ ತೊಳೆದಳು. ಒಂಬತ್ತು ಜನರದ್ದೂ ತೊಳೆದಳು. ನೀರು ಸಾಲದೆ ನಡುವೆ ಒಮ್ಮೆ ಒಳಗೆ ಹೋಗಿ ತಂಬಿಗೆ ತುಂಬಿಸಿಕೊಂಡು ಬಂದಳು. ನಾನು ಶಾಯಿಯ ಡಬ್ಬಿ ತೆರೆದಿಟ್ಟುಕೊಂಡು ಕೂತಿದ್ದೆ, ಅವಳು ತೊಳೆದ ಕೈಗಳನ್ನು ಒಂದೊಂದಾಗಿ ಹಿಡಿದು ಶಾಯಿಗೆ ಒತ್ತಿದೆ. ಇಡೀ ನೌಕರಿಯಲ್ಲಿ ನನಗೆ ಅಷ್ಟು ಬೇಸರವಾದ ಕೆಲಸ ಮತ್ತೊಂದಿಲ್ಲ. ಮುತ್ಯಾ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಕಟ್ಟೆಗೆ ಒರೆಸಿ, ಯಾರ ಜೊತೆಗೂ ಮಾತಾಡದೆ ಹೋದ.

ಔರಾದಿನ ಖಜಾನೆಯಿಂದ ಸಾಲ ಸಿಕ್ಕಿತು. ಮಗ್ಗ ಸರ್ಕಾರದ ಬರಹದಲ್ಲಿ ಮಾಳಮ್ಮನ ಹೆಸರಿಗೆ ಬಂತು. ಉಣ್ಣೆ ಬಂತು, ಚಿಂತಾಕಿಯಿಂದ ಲಕ್ಷ್ಮಣನೂ ಬಂದ. ಬನ್ನಿಯ ದಿನ ಸಿದ್ದಪ್ಪ ಗಾಡಿ ತಂದಾಗ ನಾನು ಅಲ್ಲೇ ಇದ್ದೆ, ಬೇಕೆಂದೇ ಹೋಗಿದ್ದೆ. ನನ್ನ ಕೈಯಲ್ಲಿದ್ದ ಮೊಹರಿನ ಕಾಗದ ನೋಡಿ ಅವನು ಕೆಂಪಗಾದ, ಬೆಳ್ಳಗಾದ. “ಹೆಂಗಸಿನ ಹೆಸರಿಗಿ ಮಗ್ಗ ಬರಿಯೋ ಸರ್ಕಾರ ಉದ್ಧಾರ ಆಗ್ತದೇನ್ರಿ?” ಎಂದು ಕೇಳಿದ. ಆಗಲಿಕ್ಕಿಲ್ಲ, ನೀವು ಸಂಜೆಯೊಳಗೆ ಹೊರಡಿ ಎಂದೆ. ಅತ್ತಿಗೆ ಕೊಟ್ಟ ಬನ್ನಿಯನ್ನು ಇಸಿದುಕೊಂಡು ಬರಿ ಗಾಡಿ ಹೊಡೆದುಕೊಂಡು ಹೋದ. ಮಾಳಮ್ಮ ಒಲೆ ಹಚ್ಚಿ ನನಗೂ ಲಕ್ಷ್ಮಣನಿಗೂ ಹೋಳಿಗೆ ಮಾಡಿದಳು. ನಾವಿಬ್ಬರೇ ಉಂಡೆವು.

ಮೊದಲ ಹಾಸಿನ ನೂಲಿಗೆ ಸರಿ ಬಳಿಯುವ ದಿನ ಅವಳು ಬೆಳಿಗ್ಗೆಯೇ ಎದ್ದು ಮನೆಮನೆಗೆ ಹೋಗಿ ಕರೆದಳು. ಎಲ್ಲರೂ ಬಂದರು. ಕೆಲಸದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ, ಎಳೆಗಳು ಹರಿಯದಂತೆ ಅಚ್ಚುಕಟ್ಟಾಗಿ ಕುಂಚ ಎಳೆದರು. ಮುಗಿದ ಮೇಲೆ ಸಾಲಾಗಿ ನಿಂತರು. ಅವಳು ಒಬ್ಬೊಬ್ಬರ ಸೆರಗಿಗೆ, ಟವಲಿಗೆ ಜೋಳ ಅಳೆದು ಹಾಕಿದಳು. ಬೇಡ ಎಂದು ಯಾರೂ ಅನ್ನಲಿಲ್ಲ, ಅನ್ನುವಂತಿರಲಿಲ್ಲ. ಮುತ್ಯಾನ ಟವಲಿಗೆ ಜೋಳ ಸುರಿಯುವಾಗ ನಾಲ್ಕು ಕಾಳು ಕೆಳಗೆ ಬಿದ್ದವು. ಮುದುಕ ಬಗ್ಗಿ ಅವನ್ನೂ ಆರಿಸಿಕೊಂಡ. ಕೂಲಿ ಕೂಲಿಯೇ ಆಗಬೇಕೆಂದು ಆರಿಸಿಕೊಂಡನೋ, ಕಾಳು ತುಳಿಯಬಾರದೆಂದು ಆರಿಸಿಕೊಂಡನೋ ನನಗೆ ತಿಳಿಯಲಿಲ್ಲ.

ಚಳಿಗಾಲದಲ್ಲಿ ಕಂಬಳಿಗೆ ಗಿರಾಕಿ ಚೆನ್ನಾಗಿತ್ತು. ಮಾಳಮ್ಮನ ಕಂಬಳಿ ಭಾಲ್ಕಿಯ ಸಂತೆಯಲ್ಲೂ ಮಾರಿತು, ಅಲ್ಲಿ ಸಿದ್ದಪ್ಪ ಇಟ್ಟಿದ್ದ ಕಂಬಳಿ ಅಂಗಡಿಯ ಎದುರಿಗೇ ಲಕ್ಷ್ಮಣ ಹಾಸಿಕೊಂಡು ಕೂತಿದ್ದನಂತೆ. ಕಂತು ಒಂದೂ ತಪ್ಪಲಿಲ್ಲ. ಮುಂದಿನ ಮಿರಗ ಹಿಡಿಯುವ ಹೊತ್ತಿಗೆ ಅಷ್ಟೂ ಸಾಲ ತೀರಿತು. ಇಡೀ ತಾಲೂಕಿನಲ್ಲಿ ಪೂರಾ ತೀರಿಸಿದವಳು ಅವಳೇ ಮೊದಲು. ಸಾಹೇಬರು ಬಹಳ ಖುಷಿಪಟ್ಟು, ಇಂಥದ್ದೊಂದನ್ನು ಮೇಲಿನವರಿಗೆ ಬರೆಯಲೇಬೇಕು ಎಂದರು. ಒಂಬತ್ತು ಹೆಬ್ಬೆಟ್ಟಿನ ಜಾಮೀನು ಕಾಗದದ ಮೇಲೆ ಅಡ್ಡಗೆರೆ ಎಳೆದು ನನಗೆ ಕೊಟ್ಟರು. ಅದನ್ನು ತೆಗೆದುಕೊಂಡು ಹೋಗುವಾಗ ನನಗೆ ಕಾಲುನೋವೂ ಇರಲಿಲ್ಲ.

ಮಾಳಮ್ಮ ಕಾಗದ ಕೈಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಒಳಗೆ ಹೋಗಿ ಸೀರೆ ಸರಿಮಾಡಿಕೊಂಡು, ತಾಟಿನಲ್ಲಿ ಭಂಡಾರ ತುಂಬಿಕೊಂಡು ಬಂದಳು. “ಬರ್ರಿ ಸಾಬ್ರ” ಎಂದು ಮುಂದೆ ಹೊರಟಳು. ಮುತ್ಯಾ ತನ್ನ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಅವಳು ಕಾಗದವನ್ನೂ ತಾಟನ್ನೂ ಅವನ ಮುಂದಿಟ್ಟಳು.

“ಬಾಕಿ ತೀರ್ತು ಮುತ್ಯಾ. ಆ ಮಾತ ಅಳಸ್ಯಾರ ನೋಡು. ಇನ್ನರೆ ಎತ್ತು.”

ಮುದುಕ ಹಗ್ಗ ಬದಿಗಿಟ್ಟು ತಾಟು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನನಗಿಂತಲೂ ಹೆಚ್ಚು ದಣಿದವನಂತೆ ಕಾಣುತ್ತಿದ್ದ.

“ಯಾತರ ಸಲುವಾಗಿ ಎತ್ಲಿ ಯವ್ವ? ನೀ ಯಾರಿಗೂ ಬಾಕಿ ಇಲ್ಲ, ಯಾರ ಹಂಗಿನ್ಯಾಗೂ ಇಲ್ಲ. ಕಾರಣಿಲ್ದ ದೇವರಿಗಿ ಸಾಕ್ಷಿ ಕರೀಬಾರ್ದು.” ಹೇಳಿ ಅವಳ ತಲೆಯ ಮೇಲೆ ಕೈಯಿಟ್ಟ. “ಚೊಲೋ ಮಾಡ್ದಿ. ಚೊಲೋ ಇರು.”

ಅವಳು ತಾಟಿನ ಮೇಲೆ ಸೆರಗು ಮುಚ್ಚಿಕೊಂಡು ಹಿಂದಿರುಗಿದಳು. ಮಳೆ ಹನಿಯತೊಡಗಿತ್ತು. ನಾನು ಅವಳ ಹಿಂದೆಯೇ ಕಟ್ಟೆಗೆ ಬಂದೆ. ಅವಳು ತಾಟು ಒಳಗಿಟ್ಟು ಬಂದು ನನ್ನ ಎದುರಿಗೆ ಕೂತಳು.

“ಮುಂದಿನ ವರ್ಷದ ಅರ್ಜಿ ತಂದೀರೇನ್ರಿ?”

“ತಂದೀನಿ. ನಿನಗ್ಯಾಕಕ್ಕಾ ಈಗ ಸಾಲ? ಮಗ್ಗ ನಿನ್ನ ಹೆಸರಿಗಿ ಆಗ್ಯದ, ಮನಿ ತುಂಬ ಉಣ್ಣಿ ಅದ, ಕೈಯಾಗ ರೊಕ್ಕ ಅದ.”

“ಬರೀರಿ” ಎಂದಳು. “ಸಣ್ದೇ ಬರೀರಿ. ಹೆಬ್ಬೆಟ್ಟ ಒತ್ತಲಿಕ್ಕರೆ ಒಂಬತ್ತ ಮಂದಿ ಈ ಕಟ್ಟಿಗಿ ಬರಬೇಕಲ್ರಿ.”

ನಾನು ಚೀಲದಿಂದ ಅರ್ಜಿ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅವಳ ಹೆಸರು ಬರೆದೆ, ಊರು ಬರೆದೆ. ಸಾಲ ಯಾತಕ್ಕೆ ಬೇಕು ಎಂದು ಕೇಳಿದ ಕಡೆ, ಉಣ್ಣೆ ಕೊಳ್ಳುವುದಕ್ಕೆ ಎಂದು ಬರೆದೆ.